ಅರ್ಧ ಸ್ವರ ಮೇಲೆ

ಆ ಹುಡುಗಿ ತನ್ನ ಕೈಗಳನ್ನು ನೋಡಿಕೊಂಡ ರೀತಿಯಲ್ಲಿ ಏನೋ ಇತ್ತು ಎಂದು ಬಸ್ಸು ಹತ್ತಿದಾಗಿನಿಂದ ಆಕೆಗೆ ಅನ್ನಿಸುತ್ತಲೇ ಇತ್ತು. ಸುಳ್ಳು ಹೇಳುವವರು ಎದುರಿಗಿರುವವರ ಮುಖ ನೋಡುತ್ತಾರೆ, ಮಾತು ಎಷ್ಟರ ಮಟ್ಟಿಗೆ ನಾಟಿತು ಎಂದು ಅಳೆಯುತ್ತಾರೆ. ಮೂವತ್ತೊಂದು ವರ್ಷ ಪರೀಕ್ಷಕಿಯಾಗಿ ಕೂತವಳಿಗೆ ಅಷ್ಟು ಗೊತ್ತಿತ್ತು. ನಿನ್ನೆ ಆ ಹುಡುಗಿ ಹಾಗೆ ಮಾಡಲಿಲ್ಲ. "ನಾನು ಡಿಯಲ್ಲೇ ನುಡಿಸಿದೆ ಮೇಡಂ" ಎಂದವಳು ಮೊದಲು ಪಿಯಾನೋ ಕಡೆ, ಆಮೇಲೆ ತನ್ನ ಎರಡು ಅಂಗೈಗಳ ಕಡೆ ನೋಡಿದಳು, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ನಿಂತು ಯೋಚಿಸುವವರ ಹಾಗೆ. ಆಕೆ ಆಗ ಹೇಳಿದ್ದು ಒಂದೇ ಮಾತು: "ನನ್ನ ಕಿವಿಗೆ ಅದನ್ನ ಹೇಳ್ಬೇಡ." ಹೇಳುವಾಗ ಅದು ಚೆನ್ನಾಗಿಯೇ ಕೇಳಿಸಿತ್ತು. ಪಕ್ಕದಲ್ಲಿದ್ದ ಇಬ್ಬರು ಪರೀಕ್ಷಕರು ನಕ್ಕಿದ್ದರು ಕೂಡ. ಈಗ ಕಿಟಕಿಯ ಗಾಜಿಗೆ ತಲೆಯಾನಿಸಿ ಕೂತರೆ, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಅದೇ ಮಾತು ಮತ್ತೆ ಮತ್ತೆ ನಾಲಗೆಗೆ ತಗಲುತ್ತಿತ್ತು.

ಪರೀಕ್ಷೆ ದೊಡ್ಡದೇನಲ್ಲ. ಹಾಡುವವರಿಗೆ, ಕುಣಿಯುವವರಿಗೆ ಪಿಯಾನೋ ನುಡಿಸುವ ಪಕ್ಕವಾದ್ಯದವರಿಗೆಂದು ಸಂಗೀತ ವಿಭಾಗ ಕೊಡುವ ಪ್ರಮಾಣಪತ್ರದ ಕೊನೆಯ ಭಾಗ. ಅರ್ಧ ಪುಟದ ಒಂದು ರಚನೆಯನ್ನು ಕೈಗೆ ಕೊಟ್ಟು, ಬರೆದಿರುವ ಶ್ರುತಿಯಲ್ಲಿ ಬೇಡ, ಅದಕ್ಕಿಂತ ಒಂದು ಸ್ವರ ಮೇಲೆ ನುಡಿಸು ಎನ್ನುತ್ತಾರೆ. ಹಾಡುವವರ ಗಂಟಲು ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಕಣ್ಣು ಒಂದನ್ನು ಓದುತ್ತಿರುವಾಗ ಬೆರಳು ಇನ್ನೊಂದನ್ನು ನುಡಿಸಲು ಬರಬೇಕು. ಸಿ ಶ್ರುತಿಯಲ್ಲಿ ಬರೆದದ್ದನ್ನು ಹುಡುಗಿ ಡಿ ಶ್ರುತಿಯಲ್ಲಿ ನುಡಿಸಬೇಕಿತ್ತು. ಒಂದು ಕಡೆಯೂ ತಡವರಿಸದೆ ನುಡಿಸಿದಳು. ಆದರೆ ಆಕೆಗೆ ಕೇಳಿಸಿದ್ದು ಡಿ ಅಲ್ಲ, ಡಿಯ ಪಕ್ಕದ ಕಪ್ಪು ಕೀ, ಇ ಫ್ಲ್ಯಾಟ್. ಅರ್ಧ ಸ್ವರ ಮೇಲೆ. ಆ ಭಾಗಕ್ಕೆ ಸೊನ್ನೆ ಹಾಕಿದಳು. ಐದು ವರ್ಷದ ನಂತರ ನಡೆದ ಆ ಪರೀಕ್ಷೆಗೆ ಕೂತವಳು ಆ ಹುಡುಗಿ ಒಬ್ಬಳೇ. ನೃತ್ಯಶಾಲೆಯೊಂದರಲ್ಲಿ ಅವಳಿಗಾಗಿ ಕೆಲಸ ಕಾಯುತ್ತಿತ್ತು, ಪ್ರಮಾಣಪತ್ರ ತೋರಿಸಿದರೆ ಸೋಮವಾರದಿಂದ ಶುರು. ಇವತ್ತು ನಾಲ್ಕು ಗಂಟೆಗೆ ಅಂಕಪಟ್ಟಿ ಕುಲಸಚಿವರ ಆಫೀಸಿಗೆ ಹೋಗುತ್ತದೆ. ಹೋದಮೇಲೆ ಮುಗಿಯಿತು, ಅದನ್ನು ಯಾರೂ ಮುಟ್ಟುವಂತಿಲ್ಲ.

ನುಡಿಸುವಾಗ ಹುಡುಗಿಯ ಬೆರಳುಗಳನ್ನು ಯಾರೂ ನೋಡಿರಲಿಲ್ಲ. ಮೂವರು ಪರೀಕ್ಷಕರೂ ಪಿಯಾನೋಗೆ ಬೆನ್ನು ಮಾಡಿ, ಗೋಡೆ ನೋಡುತ್ತ ಕೂತಿದ್ದರು. ಅದು ಆಕೆಯೇ ತಂದ ಪದ್ಧತಿ. ಹನ್ನೆರಡನೇ ವಯಸ್ಸಿನಲ್ಲಿ ಪ್ರವೇಶ ಪರೀಕ್ಷೆಗೆ ಹೋದಾಗ ಒಬ್ಬ ಪರೀಕ್ಷಕರು ಆಕೆ ನುಡಿಸುವ ಮೊದಲೇ ಕೈಗಳನ್ನು ನೋಡಿ, "ಈ ಕೈ ಗುಂಡಿ ಹೊಲಿಯೋಕೆ ಸರಿಯಾಗಿದೆಯಮ್ಮ" ಎಂದಿದ್ದರು. ಕೆಟ್ಟ ಮನುಷ್ಯರಲ್ಲ, ನಗುತ್ತಲೇ ಹೇಳಿದ್ದರು, ಆಮೇಲೆ ಬಾಗಿಲ ತನಕ ಬಂದು ಅಮ್ಮನ ಕೊಡೆಯನ್ನು ತಾವೇ ಎತ್ತಿಕೊಟ್ಟಿದ್ದರು. ಆದರೂ ಆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮನೆಯ ತನಕ ಲಂಗದ ಮಡಿಕೆಯೊಳಗೆ ಮುಚ್ಚಿಟ್ಟುಕೊಂಡು ಬಂದದ್ದು ಇಂದಿಗೂ ಆಕೆಗೆ ಗೊತ್ತು. ತಾನು ಪರೀಕ್ಷಕಿಯಾದ ದಿನವೇ ಕುರ್ಚಿಗಳನ್ನು ಗೋಡೆ ಕಡೆ ತಿರುಗಿಸಿದ್ದಳು. ಹೋಮ್‌ವರ್ಕ್ ಮಾಡದ ಮಕ್ಕಳ ಹಾಗೆ ಗೋಡೆ ನೋಡ್ತಾ ಕೂರ್ಬೇಕಲ್ಲ ಎಂದು ಸಹೋದ್ಯೋಗಿಗಳು ಗೊಣಗಿದರು, ಆಮೇಲೆ ರೂಢಿಯಾಯಿತು. ಬೆನ್ನು ತಿರುಗಿಸಿದರೆ ನುಡಿಸಿದ್ದು ಹದವಾಗಿದೆಯೇ ಇಲ್ಲವೇ ಎಂದು ಯಾರಿಗಾದರೂ ತಿಳಿಯುತ್ತದೆ. ಯಾವ ಆಧಾರವೂ ಇಲ್ಲದೆ, ಕೇಳಿಸಿದ್ದು ಡಿಯೋ ಇ ಫ್ಲ್ಯಾಟೋ ಎಂದು ಹೇಳುವ ಕಿವಿ ಮಾತ್ರ ಸಾವಿರದಲ್ಲಿ ಒಬ್ಬರಿಗೆ. ವಿಭಾಗದಲ್ಲಿ ಅದು ಇದ್ದದ್ದು ಆಕೆಗೊಬ್ಬಳಿಗೇ. ಹಾಗಾಗಿ ಉಳಿದಿಬ್ಬರು ಆಕೆಯ ಪೆನ್ಸಿಲ್ ಕಡೆ ನೋಡಿ ತಮ್ಮ ಪೆನ್ಸಿಲ್ ಓಡಿಸುತ್ತಿದ್ದರು.

ಚಿಕ್ಕಂದಿನಲ್ಲಿ ಮನೆಯಲ್ಲಿ ಆಕೆಯ ಹೆಸರೇ 'ಕಿವಿ'. ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದರು, ನೆಂಟರು ಬಂದರೆ ಚಮಚದಿಂದ ಲೋಟಕ್ಕೆ ತಟ್ಟಿ, "ಕಿವಿ, ಇದೇನು?" ಎನ್ನುವರು. "ಎಫ್ ಶಾರ್ಪ್" ಎಂದು ಪುಸ್ತಕದಿಂದ ತಲೆಯೆತ್ತದೆ ಹೇಳುವಳು. ನೆಂಟರು ಚಪ್ಪಾಳೆ ತಟ್ಟುವರು. ತಂಗಿ ಮಾತ್ರ ಅಡುಗೆಮನೆಯಿಂದ, "ಅವಳು ಏನ್ ಹೇಳಿದ್ರೂ ನಿಮಗೆ ಗೊತ್ತಾಗುತ್ತಾ?" ಎಂದು ಕೂಗುವಳು. ಆಗ ನಗು ಬರುತ್ತಿತ್ತು. ಹೌದಲ್ಲ, ಗೊತ್ತಾಗುತ್ತಿರಲಿಲ್ಲ. ಅಪ್ಪನಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಅದು ಎಫ್ ಶಾರ್ಪೇ ಆಗಿತ್ತು; ಕೆಂಪು ಕೆಂಪಾಗಿರುವಷ್ಟೇ ಸಹಜವಾಗಿ. ಆಮೇಲಿನ ನಲವತ್ತು ವರ್ಷದ ಕಛೇರಿಗಳಲ್ಲಿ, ಎಷ್ಟೋ ಊರುಗಳ ಎಷ್ಟೋ ವೇದಿಕೆಗಳಲ್ಲಿ, ದೀಪದ ಬೆಳಕು ಕಣ್ಣಿಗೆ ಹೊಡೆದು ಕೀಗಳೇ ಕಾಣದಿದ್ದಾಗಲೂ ಆಕೆ ಹೆದರಿರಲಿಲ್ಲ. ಕಿವಿ ಮುಂದೆ ಹೋಗುತ್ತಿತ್ತು, ಬೆರಳು ಅದರ ಸೆರಗು ಹಿಡಿದು ಹಿಂದೆ ಹೋಗುತ್ತಿತ್ತು.

ಹುಡುಗಿಯೂ ಸುಳ್ಳು ಹೇಳುತ್ತಿಲ್ಲ, ತನ್ನ ಕಿವಿಯೂ ತಪ್ಪಿಲ್ಲ. ಹಾಗಾದರೆ ತಪ್ಪಿರುವುದು ಪಿಯಾನೋ. ಬೆಳಿಗ್ಗೆ ಎದ್ದು ಮುಖ ತೊಳೆಯುವಾಗ ಹೊಳೆದ ಈ ವಿಚಾರ ಎಷ್ಟು ಹಿತವಾಗಿತ್ತೆಂದರೆ ಆಕೆ ಟವಲ್ಲು ಹಿಡಿದುಕೊಂಡೇ ಟ್ಯೂನರ್‌ಗೆ ಫೋನ್ ಮಾಡಿದ್ದಳು. ಪರೀಕ್ಷೆಯ ಕೋಣೆಯ ಪಿಯಾನೋ ಅರ್ಧ ಸ್ವರ ಏರಿದ್ದರೆ ಹುಡುಗಿ ಒತ್ತಿದ್ದು ಡಿ, ತನಗೆ ಕೇಳಿಸಿದ್ದು ಇ ಫ್ಲ್ಯಾಟ್. ಯಾರದ್ದೂ ತಪ್ಪಿಲ್ಲ, ಸೊನ್ನೆಯನ್ನು ತಿದ್ದಿದರಾಯಿತು.

ಟ್ಯೂನರ್ ಆಕೆಗಿಂತ ಮೊದಲೇ ಬಂದು, ಪಿಯಾನೋದ ಮುಚ್ಚಳ ತೆಗೆದು ಗೋಡೆಗೆ ಒರಗಿಸಿದ್ದರು. ಬಾಯಲ್ಲಿ ಯಾವಾಗಲೂ ಒಂದು ಪೆಪ್ಪರ್‌ಮಿಂಟ್ ಇಟ್ಟುಕೊಂಡೇ ಮಾತಾಡುವ, ಆಕೆಯಷ್ಟೇ ವಯಸ್ಸಿನ ಮನುಷ್ಯ. ಇಪ್ಪತ್ತು ವರ್ಷದಿಂದ ಈ ಕಟ್ಟಡದ ಎಲ್ಲ ಪಿಯಾನೋಗಳೂ, ಆಕೆಯ ಮನೆಯದೂ, ಅವರ ಕೈಯಲ್ಲೇ ಇದ್ದವು.

"ಏನ್ ಮೇಡಂ, ಮತ್ತೆ ಏರಿದೆಯಾ?" ಎಂದರು.

"ಈ ಸಲ ಚೂರುಪಾರು ಅಲ್ಲ, ಪೂರ್ತಿ ಅರ್ಧ ಸ್ವರ. ಸರಿಯಾಗಿ ನೋಡಿ ಹೇಳಿ. ಒಂದು ಹುಡುಗಿಯ ಕೆಲಸದ ಪ್ರಶ್ನೆ."

ತಂತಿ ತಿರುಚುವ ಕೈಹಿಡಿ ಅವರ ಕೈಯಲ್ಲೇ ನಿಂತಿತು. "ಯಾವ ಹುಡುಗಿ?"

ಆಕೆ ಹೇಳಿದಳು. ಅವರು ಕೇಳುತ್ತ ಕೇಳುತ್ತ ಪೆಪ್ಪರ್‌ಮಿಂಟ್ ಚೀಪುವುದನ್ನು ನಿಲ್ಲಿಸಿದರು. ಆಮೇಲೆ ಕೈಹಿಡಿಯನ್ನು ಚೀಲದೊಳಗಿಟ್ಟು, ಉಕ್ಕಿನ ಶ್ರುತಿಕಡ್ಡಿಯೊಂದನ್ನು ತೆಗೆದರು. ಎರಡು ಕವಲಿನ ಕಡ್ಡಿ, ಮೊಣಕಾಲಿಗೆ ತಟ್ಟಿ ಮರಕ್ಕೆ ಊರಿದರೆ ಒಂದೇ ಸ್ವರ ಹೇಳುತ್ತದೆ, ಎ. ಅದರ ಮೇಲೆ ನಾನೂರ ನಲವತ್ತು ಎಂದು ಕೊರೆದಿರುತ್ತದೆ, ಒಂದು ಸೆಕೆಂಡಿಗೆ ಅಷ್ಟು ಸಲ ನಡುಗುತ್ತದೆಂದು. ಲೋಕದ ಪಿಯಾನೋಗಳೆಲ್ಲ ಹೆಚ್ಚುಕಡಿಮೆ ಆ ನಡುಕಕ್ಕೆ ಸರಿಯಾಗಿ ನಿಲ್ಲಬೇಕು. ಅವರು ತಟ್ಟಿ ಊರಿದರು. ಆಕೆಗೆ ಕೇಳಿಸಿದ್ದು ಎಗಿಂತ ಅರ್ಧ ಸ್ವರ ಮೇಲಿನ ಬಿ ಫ್ಲ್ಯಾಟ್.

"ಇದು ಕೆಟ್ಟಿದೆ," ಎಂದಳು.

ಅವರು ಇನ್ನೊಂದನ್ನು ತೆಗೆದರು. ಅದೂ ಬಿ ಫ್ಲ್ಯಾಟ್. ಮೂರನೆಯದು ಬಟ್ಟೆಯಲ್ಲಿ ಸುತ್ತಿತ್ತು, ಅವರ ಅಪ್ಪನದು, ಹಿಡಿಯ ಮೇಲೆ ಹೆಬ್ಬೆರಳಿನ ಜಾಗ ನುಣ್ಣಗೆ ಸವೆದಿತ್ತು. ಅದನ್ನು ತಟ್ಟುವ ಮೊದಲು ಅವರು ಆಕೆಯ ಮುಖ ನೋಡಿದರು, ತಟ್ಟಲೋ ಬೇಡವೋ ಎಂಬಂತೆ. ತಟ್ಟಿದರು. ಅದು ಮರದೊಳಗೆ ಇಳಿದು, ಕೋಣೆಯ ತುಂಬ ಮೆಲ್ಲಗೆ ಹರಡಿತು, ಬಿ ಫ್ಲ್ಯಾಟ್ ಆಗಿ. ಅದರ ಬೆನ್ನಿಗೇ ಅವರು ಪಿಯಾನೋದ ಎ ಒತ್ತಿದರು. ಎರಡೂ ಒಂದರೊಳಗೊಂದು ಕರಗಿದವು. ಕೂದಲೆಳೆಯಷ್ಟೂ ಅಂತರವಿರಲಿಲ್ಲ.

"ನಿಮ್ಮ ಮೂರೂ ಕೆಟ್ಟಿವೆ," ಎಂದಳು ಆಕೆ. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು.

"ಉಕ್ಕು ಮೇಡಂ," ಎಂದರು ಟ್ಯೂನರ್, ತಮ್ಮದೇ ಏನೋ ತಪ್ಪಾದವರ ಹಾಗೆ. "ಉಕ್ಕು ಕೆಡಲ್ಲ." ಆಮೇಲೆ ಏನು ಮಾಡುವುದೆಂದು ತೋಚದೆ ಜೇಬಿನಿಂದ ಒಂದು ಪೆಪ್ಪರ್‌ಮಿಂಟ್ ತೆಗೆದು ಆಕೆಗೆ ಕೊಟ್ಟರು. ಆಕೆ ತೆಗೆದುಕೊಂಡಳು, ಬಾಯಿಗೆ ಹಾಕಿಕೊಂಡಳು. ಇಬ್ಬರು ಮುದುಕರು ಪಿಯಾನೋ ಪಕ್ಕದಲ್ಲಿ ನಿಂತು ಪೆಪ್ಪರ್‌ಮಿಂಟ್ ಚೀಪಿದರು.

"ಎಷ್ಟು ದಿನದಿಂದ ಗೊತ್ತು ನಿಮಗೆ?"

"ಎರಡು ವರ್ಷ ಆಗಿರಬೇಕು. ಮನೆ ಪಿಯಾನೋ ಏರಿದೆ ಅಂತ ಕರೆಸಿದ್ರಲ್ಲ. ಬಂದು ನೋಡಿದೆ, ಸರಿಯಾಗೇ ಇತ್ತು. ಏನ್ ಹೇಳ್ಲಿ? ಮುಚ್ಚಳ ತೆಗೆದೆ, ಒಂದು ಗಂಟೆ ಅಲ್ಲಿ ಇಲ್ಲಿ ತಟ್ಟಿದೆ, ಮುಚ್ಚಿದೆ. ನೀವು ಕೂತು ನುಡಿಸಿ, 'ಹಾಂ, ಈಗ ಸರಿಹೋಯ್ತು' ಅಂದ್ರಿ. ಆಮೇಲೂ ಹಾಗೇ, ನಾಲ್ಕೈದು ಸಲ. ನಾನು ಒಂದು ತಂತೀನೂ ಮುಟ್ಟಿಲ್ಲ."

"ಹೇಳ್ಬಹುದಿತ್ತು."

"ನಮ್ಮಪ್ಪನಿಗೂ ಹೀಗೇ ಆಯ್ತು ಮೇಡಂ. ನಿಮ್ಮ ಥರದ್ದೇ ಕಿವಿ. ಅರವತ್ತು ದಾಟಿದ ಮೇಲೆ ಎಲ್ಲ ಮೇಲೆ ಮೇಲೆ ಕೇಳಿಸೋಕೆ ಶುರುವಾಯ್ತು. ಆ ಥರದ ಕಿವಿ ಇರೋವ್ರಿಗೆ ವಯಸ್ಸಾದ್ರೆ ಹೀಗಾಗೋದುಂಟಂತೆ. ಅವರಿಗೆ ಹೇಳಿದವನು ನಾನೇ. ಆವತ್ತಿನಿಂದ ಅವರು ಈ ಚೀಲ ಮುಟ್ಟಲಿಲ್ಲ." ಅವರು ಅಪ್ಪನ ಕಡ್ಡಿಯನ್ನು ಬಟ್ಟೆಯಲ್ಲಿ ಸುತ್ತತೊಡಗಿದರು. ಒಂದು ಸುತ್ತು ತಪ್ಪಿ ಮತ್ತೆ ಮೊದಲಿನಿಂದ ಸುತ್ತಿದರು. "ಯಾರಿಗೂ ತೊಂದ್ರೆ ಇಲ್ವಲ್ಲ, ಮನೇಲಿ ತಮ್ಮಷ್ಟಕ್ಕೆ ನುಡಿಸ್ಕೋತಾರೆ, ಇರಲಿ ಅನ್ಕೊಂಡೆ. ಪರೀಕ್ಷೆ, ಹುಡುಗಿ ಅಂತೆಲ್ಲ ಗೊತ್ತಿದ್ದಿದ್ರೆ ಹೇಳ್ತಿದ್ದೆ."

ಆಕೆಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆಯೇ. ಅವರು ಏನೂ ಮಾಡದೆ ಹೋದ ದಿನಗಳಲ್ಲಿ ಪಿಯಾನೋ ಸರಿಹೋಯಿತೆಂದು ತನಗೆ ನಿಜವಾಗಿಯೂ ಅನ್ನಿಸಿತ್ತಲ್ಲ, ಆಗ ಕೇಳಿಸಿದ್ದು ಏನು? ವಾರವಿಡೀ ಹಾಯಾಗಿ ನುಡಿಸಿದ್ದಳು. ಮುಚ್ಚಳ ತೆಗೆದ ಸದ್ದು, ತಟ್ಟಿದ ಸದ್ದು, 'ಇನ್ನು ನೋಡಿ ಮೇಡಂ' ಎಂಬ ಮಾತು ಇವೇ ಕಿವಿಯೊಳಗೆ ಹೋಗಿ ಅದನ್ನು ಒಂದು ವಾರದ ಮಟ್ಟಿಗೆ ಕೆಳಗೆ ಕೂರಿಸಿದ್ದವೇ? ಹಾಗಾದರೆ ಕಿವಿ ಎನ್ನುವುದು ಎಷ್ಟು ಕಿವಿ, ಎಷ್ಟು ನಂಬಿಕೆ? ಅವರು ಬಾಗಿಲ ಹತ್ತಿರ ಹೋಗಿ ನಿಂತು, ಬೈಸಿಕೊಳ್ಳಲು ತಯಾರಾದವರ ಹಾಗೆ ಕಾಯುತ್ತಿದ್ದರು. "ಮುಚ್ಚಳ ಮುಚ್ಚಿ ಹೋಗಿ, ಧೂಳು ಬೀಳತ್ತೆ," ಎಂದಳಷ್ಟೆ. ಅವರು ವಾಪಸು ಬಂದು, ಬೇಕಾದ್ದಕ್ಕಿಂತ ಮೆತ್ತಗೆ, ಮಗುವಿಗೆ ಹೊದಿಸುವ ಹಾಗೆ ಮುಚ್ಚಿದರು.

ಮೂರು ವರ್ಷದ ಹಿಂದಿನ ಆ ಸಂಜೆ ಈಗ ಅರ್ಥವಾಯಿತು. ಕೊನೆಯ ಕಛೇರಿ. ಅದು ಕೊನೆಯದೆಂದು ಆಗ ಯಾರಿಗೂ ಹೇಳಿರಲಿಲ್ಲ. ನಿಧಾನದ ಒಂದು ರಚನೆ, ಹದಿನೇಳನೇ ವಯಸ್ಸಿನಿಂದ ನುಡಿಸಿದ್ದು. ಮಧ್ಯದಲ್ಲಿ ಇದ್ದಕ್ಕಿದ್ದಂತೆ, ಪಕ್ಕದ ಕೋಣೆಯಲ್ಲಿ ಇನ್ನೊಬ್ಬಳು ಅದನ್ನೇ ಒಂದು ಚೂರು ಮೇಲಿನ ಶ್ರುತಿಯಲ್ಲಿ ನುಡಿಸುತ್ತಿದ್ದಾಳೆಂದು ಅನ್ನಿಸಿತ್ತು. ಬೆರಳುಗಳು ಒಂದು ಕಡೆ ಒತ್ತಿದರೆ ದನಿ ಇನ್ನೊಂದು ಕಡೆಯಿಂದ ಬರುತ್ತಿತ್ತು, ಮೆಟ್ಟಿಲು ಇಳಿಯುವಾಗ ಇರದ ಮೆಟ್ಟಿಲಿಗೆ ಕಾಲಿಟ್ಟ ಹಾಗೆ. ಕಿವಿಯನ್ನು ನಂಬಿ ಬೆರಳನ್ನು ಸರಿಸಿದರೆ ಕೆಟ್ಟೆ, ಬೆರಳನ್ನು ನಂಬಿ ಕಿವಿ ಮುಚ್ಚಿಕೊಂಡರೆ ಉಳಿದೆ. ಮುಚ್ಚಿಕೊಂಡು ಮುಗಿಸಿದ್ದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವೇದಿಕೆಯ ಹಿಂದೆ ಪರದೆ ಎಳೆಯುವ ಹೆಂಗಸು ಏನನ್ನೂ ಕೇಳದೆ ಒಂದು ಲೋಟ ನೀರು ತಂದು ಆಕೆಯ ಕೈಯೊಳಗಿಟ್ಟು, ಆಕೆ ಕುಡಿದು ಮುಗಿಸುವ ತನಕ ಲೋಟದ ತಳ ಹಿಡಿದುಕೊಂಡಿದ್ದಳು. ಹಾಲಿನ ಪಿಯಾನೋ ಸರಿಯಿಲ್ಲ ಎಂದು ಆಕೆ ಆ ಹೆಂಗಸಿಗೆ ಹೇಳಿದ್ದಳು. "ಇರಬಹುದು ಕಣಮ್ಮ," ಎಂದಿದ್ದಳು ಅವಳು. ಆಮೇಲೆ ಬೆರಳಿನ ಗೆಣ್ಣು ನೋವು, ಚಿಕ್ಕವರಿಗೆ ಅವಕಾಶ ಸಿಗಲಿ ಎಂದೆಲ್ಲ ಹೇಳಿ ಕಛೇರಿ ನಿಲ್ಲಿಸಿದಳು. ಎಲ್ಲರೂ ದೊಡ್ಡ ಮನಸ್ಸು ಎಂದರು. ಬರುವ ತಿಂಗಳು ನಿವೃತ್ತಿ. ವಿಭಾಗದವರು ದೊಡ್ಡ ಸಭಾಂಗಣದಲ್ಲಿ ಬೀಳ್ಕೊಡುಗೆ ಇಟ್ಟುಕೊಂಡಿದ್ದಾರೆ.

ಕಾರಿಡಾರಿನಲ್ಲಿ ಲಿಫ್ಟು ಬಂದು ಗಂಟೆ ಬಾರಿಸಿತು. ಆಕೆ ಹತ್ತಲಿಲ್ಲ. ನಿಂತು ಕೇಳಿದಳು. ಇದು ಮೊದಲಿನಿಂದ ಇ ಆಗಿತ್ತು, ಇತ್ತೀಚೆಗೆ ಎಫ್. ಲಿಫ್ಟು ಬದಲಾಯಿಸಿದ್ದಾರೆ ಎಂದುಕೊಂಡಿದ್ದಳು. ಗುಂಡಿ ಒತ್ತಿ ಮತ್ತೆ ಕರೆಸಿದಳು. ಎಫ್. ಇಲ್ಲ, ಇ, ನನಗೆ ಎಫ್. ಮತ್ತೆ ಒತ್ತಿದಳು. ಒಳಗಿದ್ದ ಲೈಬ್ರರಿಯವರು ಬಾಗಿಲು ಹಿಡಿದುಕೊಂಡು, "ಬರ್ತೀರಾ ಮೇಡಂ?" ಎಂದರು. "ಇಲ್ಲ, ಕೇಳ್ತಿದೀನಿ," ಎಂದಳು. ಅವರು ಏನು ಅರ್ಥ ಮಾಡಿಕೊಂಡರೋ, ತಲೆಯಾಡಿಸಿ ಹೋದರು. ಕೆಳಗೆ ಅಂಗಳದಲ್ಲಿ ಸೈಕಲ್ ಗಂಟೆ, ಜವಾನ ತಳ್ಳುವ ಗಾಡಿಯ ಚಕ್ರ, ಯಾರದೋ ಫೋನು. ಎಲ್ಲವೂ ಅರ್ಧ ಮೆಟ್ಟಿಲು ಮೇಲೆ ಎದ್ದು ಕೂತಿದ್ದವು. ಹಾಗಾದರೆ ಮನೆಯಲ್ಲಿ ತಂಗಿ ಹೇಳಿದ್ದೂ ಇದೇ. ಪಾತ್ರೆ ಒರೆಸುವಾಗ ಇಬ್ಬರೂ ಹಳೆಯ ಹಾಡು ಹಾಡಿಕೊಳ್ಳುವುದು ರೂಢಿ, ಶುರು ಮಾಡುವವಳು ಆಕೆ, ಮೇಲೆ ಕೇಳಿಸುವ ಕಿವಿಗೆ ಸರಿಯೆನಿಸುವಷ್ಟು ಕೆಳಗೆ. "ಏನಕ್ಕಾ ಇದು, ವರ್ಷದಿಂದ ವರ್ಷಕ್ಕೆ ಕೆಳಗೆ ಹೋಗ್ತಿದೀಯ. ಇಷ್ಟು ಕೆಳಗೆ ಹಿಡಿದ್ರೆ ನಾನು ಮಂಚದಡಿ ಮಲಗಿ ಹಾಡ್ಬೇಕು," ಎಂದಿದ್ದಳು ತಂಗಿ. ನಿನಗೆ ಸಂಗೀತ ಏನು ಗೊತ್ತು ಎಂದು ಆಕೆ ಅವಳ ಬಾಯಿ ಮುಚ್ಚಿಸಿದ್ದಳು. ಹೋದ ವರ್ಷ ಗಾಯನ ಕಲಿಯುವ ಒಬ್ಬನಿಗೆ, ಏರ್ತಿದೀಯ, ಇಳಿಸು, ಇಳಿಸು ಎಂದು ಮೂರು ವಾರ ಹೇಳಿದ್ದಳು. ಪಾಪ, ಅವನು ಒಂದು ದಿನವೂ ಎದುರಾಡದೆ ಇಳಿಸಿದ್ದ. ಎಷ್ಟು ಜನ ತನ್ನ ಮಾತಿಗೆ ತಮ್ಮನ್ನು ತಾವು ಇಳಿಸಿಕೊಂಡಿದ್ದಾರೋ. ಹೆದರಿಕೆ ಆಗಬೇಕಾದ ಜಾಗದಲ್ಲಿ, ಗೊತ್ತಿರುವ ಊರಿಗೆ ಬೇರೆ ರಸ್ತೆಯಿಂದ ಬಂದವಳಂಥ ಒಂದು ಕುತೂಹಲ ಆಕೆಯನ್ನು ಹಿಡಿದುಕೊಂಡಿತ್ತು. ಅದಕ್ಕೆ ನಾಚಿಕೆಯೂ ಆಯಿತು. ಗೋಡೆಯ ಗಡಿಯಾರದಲ್ಲಿ ಎರಡೂವರೆ.

ವಿಭಾಗದ ಮುಖ್ಯಸ್ಥ ಆಕೆಯ ಹಳೆಯ ವಿದ್ಯಾರ್ಥಿ. ಕಾಲಲ್ಲಿ ತಾಳ ಹಾಕದೆ ಒಂದು ಸಾಲೂ ನುಡಿಸಲಾರದವನಾದ್ದರಿಂದ ಆ ಕಾಲದಲ್ಲೇ 'ಟಿಕ್‌ಟಿಕ್' ಎಂದು ಹೆಸರು ಬಿದ್ದಿತ್ತು. ಈಗ ತಲೆ ಬೆಳ್ಳಗಾದರೂ ಹುಡುಗರು ಬೆನ್ನ ಹಿಂದೆ ಹಾಗೇ ಕರೆಯುತ್ತಿದ್ದರು. ಆಕೆ ಒಳಗೆ ಹೋಗುತ್ತಲೇ ಅವನು ಎದ್ದು ತನ್ನ ಮೆತ್ತನೆಯ ಕುರ್ಚಿಯನ್ನೇ ಎಳೆದು ಕೊಟ್ಟ. ಆಕೆ ಮುಚ್ಚುಮರೆಯಿಲ್ಲದೆ ಹೇಳಿದಳು, ಶ್ರುತಿಕಡ್ಡಿಗಳನ್ನೂ ಲಿಫ್ಟಿನ ಗಂಟೆಯನ್ನೂ ಬಿಡದೆ. ಮೇಜಿನಡಿ ಅವನ ಪಾದ ಟಿಕ್‌ಟಿಕ್ ಎನ್ನುವುದು ನಿಂತಿತು.

"ಬೇರೆ ಯಾರಿಗೆ ಹೇಳಿದೀರಿ ಮೇಡಂ?"

"ಯಾರಿಗೂ ಇಲ್ಲ. ಟ್ಯೂನರ್‌ಗೆ ಗೊತ್ತು."

"ಅವರು ಬಾಯಿ ಬಿಡಲ್ಲ. ಬಿಟ್ರೆ ಪೆಪ್ಪರ್‌ಮಿಂಟ್ ಬೀಳತ್ತೆ." ನಗಿಸಲು ನೋಡಿದ. ಆಮೇಲೆ ಡ್ರಾಯರಿನಿಂದ ಒಂದು ಫಾರಂ ತೆಗೆದ. ಅಂಕ ತಿದ್ದುಪಡಿಯದು, ಹಳೆಯ ಅಂಕ, ಹೊಸ ಅಂಕ, ಕಾರಣ, ಪರೀಕ್ಷಕರ ಸಹಿ. "ಕಾರಣ ಅನ್ನೋ ಕಡೆ 'ಬರೆಯುವಾಗ ಆದ ದೋಷ' ಅಂತ ಹಾಕಿ. ವರ್ಷಕ್ಕೆ ಹತ್ತು ಇಂಥವು ಹೋಗ್ತವೆ, ಯಾರೂ ಓದಲ್ಲ. ಹುಡುಗಿಗೂ ಒಳ್ಳೇದು. ನಿಮ್ಮದೂ ಇಷ್ಟು ವರ್ಷದ ಮರ್ಯಾದೆ ಮೇಡಂ, ಇನ್ನೊಂದು ತಿಂಗಳಿಗೆ ಯಾಕೆ ಊರ ಬಾಯಿಗೆ ಬೀಳ್ಬೇಕು? ನಿಮ್ಮ ಕಿವಿ ಅಂದ್ರೆ ನಮಗೆಲ್ಲ…" ಎಂದು ಅರ್ಧಕ್ಕೆ ಬಿಟ್ಟು, ಕನ್ನಡಕ ತೆಗೆದು ಒರೆಸತೊಡಗಿದ.

ಆಕೆಗೆ ಮೈಯೆಲ್ಲ ಹಗುರವಾಯಿತು. ಬಿಸಿಲಲ್ಲಿ ನಡೆದು ಬಂದವಳಿಗೆ ಯಾರೋ ಬಾಗಿಲು ತೆಗೆದು ಒಳಗೆ ಕರೆದ ಹಾಗೆ. ಹುಡುಗಿಗೆ ಪ್ರಮಾಣಪತ್ರ ಸಿಗುತ್ತದೆ, ಸೋಮವಾರ ಕೆಲಸಕ್ಕೆ ಹೋಗುತ್ತಾಳೆ. ಸಭಾಂಗಣದಲ್ಲಿ ಯಾರಾದರೂ ಎದ್ದು ಆಕೆಯ ಕಿವಿಯ ಬಗ್ಗೆ ನಾಲ್ಕು ಮಾತು ಹೇಳುತ್ತಾರೆ, ಆಕೆ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಾಳೆ. ಇದರಲ್ಲಿ ಯಾರಿಗೆ ನಷ್ಟ? ಪೆನ್ನಿನ ಮುಚ್ಚಳ ತೆಗೆದಳು. ಆಗ ಮತ್ತೆ ಆ ಎರಡು ಅಂಗೈಗಳು. ಬೀಗ ಹಾಕಿದೆನೋ ಇಲ್ಲವೋ ಎಂಬ ಆ ನೋಟ.

"ಅವಳೆಲ್ಲಿದ್ದಾಳೆ ಈಗ?"

"ಒಂಬತ್ತನೇ ಕೋಣೆ. ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ಅಲ್ಲೇ ಇದಾಳಂತೆ, ಊಟಕ್ಕೂ ಎದ್ದಿಲ್ಲವಂತೆ. ಯಾಕೆ ಮೇಡಂ, ನಾನೇ ಕರೆಸಿ ಹೇಳ್ತೀನಿ ಬಿಡಿ."

"ಬೇಡ. ನಾಲ್ಕಕ್ಕೆ ಮೊದಲು ಫಾರಂ ತಂದುಕೊಡ್ತೀನಿ."

ಅಭ್ಯಾಸದ ಕೋಣೆಗಳ ಬಾಗಿಲಿಗೆ ಅಂಗೈಯಗಲದ ಗಾಜಿರುತ್ತದೆ. ಆಕೆ ಅದರಲ್ಲಿ ಇಣುಕಿದಳು. ಹುಡುಗಿ ನುಡಿಸುತ್ತಿರಲಿಲ್ಲ. ಒಂದು ಕೀ ಒತ್ತಿ, ಫೋನನ್ನು ಪಿಯಾನೋ ಹತ್ತಿರ ಹಿಡಿದು, ಅದರ ಪರದೆಯ ಮೇಲೆ ಬರುವ ಅಕ್ಷರ ನೋಡುತ್ತಿದ್ದಳು. ಆಮೇಲೆ ಪಕ್ಕದ ಕೀ ಒತ್ತುವಳು, ನೋಡುವಳು. ಪ್ರತಿಯೊಂದಕ್ಕೂ ಹಾಗೇ, ಔಷಧಿಯ ಹನಿ ಎಣಿಸುವವರಂತೆ. ನಿನ್ನೆ ತನಕ ಹೊಳೆಯಂತೆ ನುಡಿಸುತ್ತಿದ್ದ ಹುಡುಗಿ. ಇದನ್ನು ಮಾಡಿದ್ದು ಸೊನ್ನೆಯಲ್ಲ, ತಾನು ಆಡಿದ ಆ ಒಂದು ಮಾತು ಎಂದು ಆಕೆಗೆ ಆಗ ಹೊಳೆಯಿತು.

ಬಾಗಿಲು ತೆಗೆದದ್ದಕ್ಕೆ ಹುಡುಗಿ ಗಡಬಡಿಸಿ ಎದ್ದಳು. "ಮೇಡಂ, ಕೋಣೆ ಬೇಕಿತ್ತಾ? ನಾನು ಹೋಗ್ತೀನಿ."

"ಕೂತ್ಕೋ. ಏನ್ ಮಾಡ್ತಿದೀಯ?"

"ನೋಡ್ತಿದ್ದೆ. ಫೋನು ಡಿ ಅಂತಾನೇ ತೋರಿಸ್ತಿದೆ. ಆದ್ರೆ ನಿಮಗೆ ಹಾಗೆ ಕೇಳಿಸಿಲ್ಲ ಅಂದ್ರೆ ನಿನ್ನೆ ನಾನೇ ಎಲ್ಲೋ ಬೇರೆ ಕಡೆ ಬೆರಳಿಟ್ಟಿದೀನಿ. ನನಗೆ ಮಾತ್ರ ಡಿಯಲ್ಲೇ ನುಡಿಸಿದ ನೆನಪು." ಹುಡುಗಿ ಫೋನನ್ನು ಮಗುಚಿ ಇಟ್ಟಳು. "ನೃತ್ಯಶಾಲೆಯವರಿಗೆ ಫೋನ್ ಮಾಡಿ ಆಗಲ್ಲ ಅಂತ ಹೇಳ್ಬಿಡ್ತೀನಿ ಮೇಡಂ. ಪ್ರಮಾಣಪತ್ರ ಅಂತಲ್ಲ. ನಾನು ಏನು ನುಡಿಸ್ತಿದೀನಿ ಅಂತ ನನಗೇ ಗೊತ್ತಿಲ್ಲ ಅಂದ್ಮೇಲೆ ಇಪ್ಪತ್ತು ಜನ ಕುಣಿಯೋರ ಮುಂದೆ ಹೇಗೆ ಕೂರೋದು."

"ನೀನು ಡಿಯಲ್ಲೇ ನುಡಿಸಿದೆ. ಕೆಟ್ಟಿರೋದು ನನ್ನ ಕಿವಿ."

ಹುಡುಗಿ ಆಕೆಯನ್ನು ನೋಡಿದಳು. ಆಮೇಲೆ, ಹಿರಿಯರು ನೋವಾಗದಿರಲೆಂದು ಏನೋ ಹೇಳಿದಾಗ ಚಿಕ್ಕವರು ನಗುವ ಹಾಗೆ ಸಣ್ಣಗೆ ನಕ್ಕಳು. "ನೀವು ಸಮಾಧಾನಕ್ಕೆ ಹೇಳ್ತಿದೀರಿ."

ಇದನ್ನು ಆಕೆ ನಿರೀಕ್ಷಿಸಿರಲಿಲ್ಲ. ಇಡೀ ದಿನ ಎಲ್ಲರೂ ಆಕೆಯ ಮೇಲೆ ಕರುಣೆ ತೋರಿಸಿದ್ದರು. ಈಗ ಆಕೆ ಹೇಳುವ ನಿಜವೂ ಕರುಣೆಯಂತೆ ಕೇಳಿಸುತ್ತಿತ್ತು. ಇನ್ನೆಷ್ಟು ಸಲ ಹೇಳಿದರೂ ಈ ಹುಡುಗಿ ನಂಬುವುದಿಲ್ಲ, ನಂಬಿದಂತೆ ತಲೆಯಾಡಿಸಿ ಹೋಗಿ ಆ ಫೋನು ಮಾಡುತ್ತಾಳೆ. ಆಕೆ ಸ್ಟೂಲು ಎಳೆದುಕೊಂಡು ಹುಡುಗಿಯ ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. "ಆ ಫೋನಿನಲ್ಲಿ ಒಂದೇ ಸ್ವರ ಹಿಡಿದು, ಬೇಕಾದಷ್ಟು ಕೆಳಗೆ ಮೇಲೆ ಮಾಡೋದು ಇದೆಯಲ್ಲ? ಎ ಹಾಕು. ಅಂಕಿ ನನಗೆ ತೋರಿಸ್ಬೇಡ. ನಿಧಾನವಾಗಿ ಇಳಿಸ್ತಾ ಹೋಗು. ಎ ಅಂತ ನನಗೆ ಎಲ್ಲಿ ಅನ್ನಿಸುತ್ತೋ ಅಲ್ಲಿ ನಿಲ್ಲಿಸು ಅಂತೀನಿ."

"ಈಗಿರೋದೇ ಎ, ಮೇಡಂ. ನಾನೂರ ನಲವತ್ತು."

"ನನಗೆ ಅದು ಬಿ ಫ್ಲ್ಯಾಟ್. ಇಳಿಸು."

ಕಣ್ಣು ಮುಚ್ಚಿದಳು. ಸ್ವರ ತೆಳ್ಳಗೆ, ನೇರವಾಗಿ, ಒಂದು ತಂತಿಯಂತೆ ಚಾಚಿಕೊಂಡಿತ್ತು. ಅದು ಬಾಗಿತು, ಇಳಿಯಿತು. ಇನ್ನೂ ಇಲ್ಲ. ಇನ್ನೂ ಇಲ್ಲ. ಅಪ್ಪ, ಚಮಚ, ಲೋಟ. ಆ ಹೊತ್ತಿನ ಎ ಎಲ್ಲಿತ್ತು ಎಂದು ಆಕೆ ತನ್ನೊಳಗೇ ಹುಡುಕಿಕೊಂಡು ಹೋದಳು. ಅದು ಅಲ್ಲೇ ಇತ್ತು, ಕದಲದೆ. "ಅಲ್ಲಿ," ಎಂದಳು. ಹುಡುಗಿ ಪರದೆಯ ಮೇಲಿನ ಅಂಕಿ ನೋಡಿದಳು. "ಇನ್ನೊಂದು ಸಲ ಮಾಡ್ಲಾ ಮೇಡಂ?" ಎಂದಳು ಆಮೇಲೆ. ಈ ಸಲ ಮೇಲಿನಿಂದಲ್ಲ, ತೀರ ಕೆಳಗಿನಿಂದ ಏರಿಸಿಕೊಂಡು ಬಂದಳು. ಜಾಣೆ. ಆಕೆ ಹೇಳದಿದ್ದರೂ ತಾನೇ ಯೋಚಿಸಿದಳು. "ಅಲ್ಲಿ." ಮೂರನೆಯ ಸಲ ಇಳಿಸುತ್ತ ಇಳಿಸುತ್ತ ನಡುವೆ ಸುಮ್ಮನೆ ನಿಲ್ಲಿಸಿ ಆಕೆ ಮೋಸಹೋಗುತ್ತಾಳೇನೋ ಎಂದೂ ನೋಡಿದಳು. ಆಕೆ ಹೋಗಲಿಲ್ಲ.

ಕಣ್ಣು ತೆರೆದಾಗ ಹುಡುಗಿ ಮುಂದಕ್ಕೆ ಬಾಗಿ ಕೂತಿದ್ದಳು. ಮುಖದಲ್ಲಿ ಸ್ವಲ್ಪ ಮೊದಲಿನ ಕಳೆಗುಂದಿದ ನೋಟವಿರಲಿಲ್ಲ. ಕನಿಕರವೂ ಇರಲಿಲ್ಲ, ಅದು ಆಕೆಗೆ ಹಿತವೆನಿಸಿತು. "ನೀವು ನುಡಿಸುವಾಗ ಏನಾಗುತ್ತೆ ಮೇಡಂ?"

"ಬೆರಳು ಒಂದು ಊರಲ್ಲಿ, ಕಿವಿ ಇನ್ನೊಂದು ಊರಲ್ಲಿ. ಗೊತ್ತಿರೋ ರಚನೆ ಎಲ್ಲ ಬೇರೆ ಬಣ್ಣ. ಇಷ್ಟು ದಿನ ಪಿಯಾನೋನ ಬೈತಿದ್ದೆ."

"ಅದಕ್ಕೇ ನಿನ್ನೆ ಇ ಫ್ಲ್ಯಾಟು." ಹುಡುಗಿ ತನ್ನಷ್ಟಕ್ಕೆ ಹೇಳಿಕೊಂಡಳು.

"ಅದಕ್ಕೇ. ನಿನ್ನೆ ಹಾಗೆ ಮಾತಾಡಬಾರದಿತ್ತು. ಸೊನ್ನೆ ಹಾಕಿದ್ದಕ್ಕಿಂತ ಅದು ದೊಡ್ಡ ತಪ್ಪು."

ಹುಡುಗಿ ಪರವಾಗಿಲ್ಲ ಎನ್ನಲಿಲ್ಲ. "ಹೌದು ಮೇಡಂ," ಎಂದಳು.

ಆಕೆ ಫಾರಮನ್ನು ಪಿಯಾನೋದ ಮುಚ್ಚಳದ ಮೇಲಿಟ್ಟುಕೊಂಡಳು. ಕಾರಣ ಎಂಬ ಕಡೆ ಒಂದೂವರೆ ಸಾಲಿನ ಜಾಗವಿತ್ತು. ಬರೆಯುವಾಗ ಆದ ದೋಷ ಎಂದರೆ ಅದರಲ್ಲಿ ಅಚ್ಚುಕಟ್ಟಾಗಿ ಕೂರುತ್ತಿತ್ತು. ಅಕ್ಷರ ಸಣ್ಣ ಮಾಡಿ ಬರೆದಳು: 'ಪರೀಕ್ಷಕಿಗೆ ಎಲ್ಲ ಸ್ವರಗಳೂ ಅರ್ಧ ಸ್ವರ ಮೇಲೆ ಕೇಳಿಸುತ್ತವೆ. ವಿದ್ಯಾರ್ಥಿನಿ ನುಡಿಸಿದ್ದು ಸರಿಯಾಗಿತ್ತು.' ಬರೆದದ್ದನ್ನು ನೋಡಿದರೆ ಅದು ಬೇರೆ ಯಾರದೋ ವಿಷಯದಂತೆ ಕಾಣಿಸಿತು. ಇದನ್ನು ಮುಖ್ಯಸ್ಥ ಓದುತ್ತಾನೆ, ಕುಲಸಚಿವರ ಆಫೀಸಿನ ಗುಮಾಸ್ತೆ ಓದುತ್ತಾಳೆ, ಸಂಜೆಯೊಳಗೆ ಕಟ್ಟಡವೆಲ್ಲ ಓದುತ್ತದೆ. ಹುಡುಗಿಯ ಕಡೆ ತಿರುಗಿಸಿದಳು. ಹುಡುಗಿ ಎರಡು ಸಲ ಓದಿದಳು, ಹುಬ್ಬು ಗಂಟಿಕ್ಕಿತು.

"ಇದು ಸರಿಯಿಲ್ಲ ಮೇಡಂ."

"ಯಾವುದು?"

"ಅರ್ಧ ಸ್ವರ ಅಂತ ಬರೆದಿದೀರಲ್ಲ. ಪೂರಾ ಅರ್ಧ ಆಗಿದ್ರೆ ನಾನೂರ ಹದಿನೈದರ ಹತ್ತಿರ ನಿಲ್ಲಿಸ್ತಿದ್ರಿ. ನೀವು ಮೂರು ಸಲಾನೂ ಅದಕ್ಕಿಂತ ಕೆಳಗೆ ನಿಲ್ಲಿಸಿದ್ರಿ, ನಾನೂರ ಹನ್ನೆರಡು, ಹನ್ನೊಂದು, ಮತ್ತೆ ಹನ್ನೆರಡು. ಅರ್ಧಕ್ಕಿಂತ ಚೂರು ಜಾಸ್ತಿ."

"ಅಂಕಿ ನೋಡಿ ಹೇಳ್ತಿದೀಯಾ?"

"ಅಂಕಿ ಆಮೇಲೆ ನೋಡಿದೆ," ಎಂದಳು ಹುಡುಗಿ. "ಮೊದಲು ಕೇಳಿಸ್ತು. ಪಿಯಾನೋದಲ್ಲಿ ಎಗಿಂತ ಅರ್ಧ ಸ್ವರ ಕೆಳಗಿರೋ ಕಪ್ಪು ಕೀ ದನಿ ನನ್ನ ತಲೇಲಿತ್ತು, ಬೆಳಿಗ್ಗೆಯಿಂದ ಒತ್ತೀ ಒತ್ತೀ. ನೀವು ನಿಲ್ಲಿಸಿದ ಕಡೆ ಅದಕ್ಕಿಂತ ಕೆಳಗಿತ್ತು."

"ಖಂಡಿತವಾಗಿ?"

ಹುಡುಗಿಯ ಕೈಗಳು ಮಡಿಲಲ್ಲಿದ್ದವು. ಅವುಗಳ ಕಡೆ ನೋಡಲಿಲ್ಲ. "ಖಂಡಿತ ಮೇಡಂ. ನನಗೆ ಕೇಳಿಸ್ತು."

ಆಕೆ ಫಾರಮನ್ನು ತನ್ನ ಕಡೆ ಎಳೆದುಕೊಂಡು, 'ಅರ್ಧ ಸ್ವರ' ಎಂಬುದನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿ, ಅದರ ನೆತ್ತಿಯ ಮೇಲೆ 'ಅರ್ಧ ಸ್ವರಕ್ಕಿಂತ ತುಸು ಹೆಚ್ಚು' ಎಂದು ಬರೆದು, ತಿದ್ದಿದ ಕಡೆ ಒಂದು, ಕೆಳಗೊಂದು, ಎರಡು ಸಹಿ ಹಾಕಿದಳು.